ಓರೆ ಕೊಳವೆಗಳಲ್ಲಿ ಸ್ಲಗ್ ಹರಿವು: ಅಳತೆಯ ಇತಿಹಾಸ

ಒಂದೇ ಕೊಳವೆಯಲ್ಲಿ ಅನಿಲವೂ ದ್ರವವೂ ಕೂಡಿ ಸಾಗುವಾಗ, ಕೊಳವೆಯನ್ನು ಪೂರ್ತಿ ತುಂಬಿಕೊಂಡ ದ್ರವದ ತುಂಡುಗಳೂ ಉದ್ದನೆಯ ಅನಿಲಗುಳ್ಳೆಗಳೂ ಒಂದರ ಬೆನ್ನಿಗೆ ಒಂದು ಬರುವುದನ್ನು ಸ್ಲಗ್ ಹರಿವು ಎನ್ನುತ್ತಾರೆ. ತೈಲಬಾವಿಗಳ ಮಾರ್ಗಗಳಲ್ಲಿ ಇದು ದಿನನಿತ್ಯದ ಕಾಟ. ಮುಂಬೈ ಹೈನ ಅನಿಲ ಬಂದಿಳಿಯುವ ಉರಣ್ ಘಟಕದಲ್ಲಿ ಸ್ಲಗ್ ಕ್ಯಾಚರ್ ಇರುವುದೇ ಹೀಗೆ ಒಮ್ಮೆಲೇ ನುಗ್ಗುವ ದ್ರವವನ್ನು ತಡೆದು ಹಿಡಿಯಲು.

ಕೊಳವೆ ಓರೆಯಾದರೆ ಲೆಕ್ಕ ಕೈಕೊಡುತ್ತದೆ. ಏರುವಾಗ ದ್ರವ ಹಿಂದೆ ಜಾರಿ ಶೇಖರವಾಗುತ್ತದೆ, ಇಳಿಯುವಾಗ ತೆಳುವಾಗಿ ಓಡುತ್ತದೆ. ಏರಿನಲ್ಲಿ ಕಳೆದುಕೊಂಡ ಒತ್ತಡ ಇಳಿಜಾರಿನಲ್ಲಿ ಅಷ್ಟೇ ಪ್ರಮಾಣದಲ್ಲಿ ಮರಳಿ ಸಿಗದು ಎಂಬುದನ್ನು ಫ್ಲಾನಿಗನ್ 1958ರಲ್ಲೇ ಗುರುತಿಸಿದ್ದರು.

1966ರಲ್ಲಿ ಕ್ಯಾಲ್ಟೆಕ್‌ನ ಎಡ್ವರ್ಡ್ ಜುಕೋಸ್ಕಿ ಮುಚ್ಚಿದ ಕೊಳವೆಗಳಲ್ಲಿ ಉದ್ದ ಗುಳ್ಳೆಗಳ ಚಲನೆಯನ್ನು ಅಳೆದರು. ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಗುಳ್ಳೆ ಅತಿ ವೇಗವಾಗಿ ಏರಬೇಕಲ್ಲವೆ? ಹಾಗಾಗಲಿಲ್ಲ. 45 ಡಿಗ್ರಿಯ ಆಸುಪಾಸಿನಲ್ಲಿ ಅದರ ವೇಗ ಹೆಚ್ಚಿತ್ತು.

ಟಲ್ಸಾ ವಿಶ್ವವಿದ್ಯಾಲಯದ ಡೇಲ್ ಬೆಗ್ಸ್ ಮತ್ತು ಜೇಮ್ಸ್ ಬ್ರಿಲ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ಮೈಲಿಗಲ್ಲು. 1 ಮತ್ತು 1.5 ಇಂಚು ವ್ಯಾಸದ, 90 ಅಡಿ ಉದ್ದದ ಪಾರದರ್ಶಕ ಅಕ್ರಿಲಿಕ್ ಕೊಳವೆಗಳನ್ನು ಬೇಕಾದ ಕೋನಕ್ಕೆ ಓರೆ ಮಾಡಿ ಗಾಳಿ–ನೀರು ಹರಿಸಿದರು. ಥಟ್ಟನೆ ಮುಚ್ಚುವ ಬಾಲ್ ವಾಲ್ವ್‌ಗಳಿಂದ ನಡುವಿನ ಭಾಗವನ್ನು ಬಂಧಿಸಿ, ಒಳಗೆ ಸಿಕ್ಕ ನೀರನ್ನು ಅಳೆದರು. ಕೊಳವೆಯಲ್ಲಿ ಉಳಿಯುವ ದ್ರವದ ಪಾಲು ಏರಿನಲ್ಲಿ 50 ಡಿಗ್ರಿಯ ಸುಮಾರಿಗೆ ಅತಿ ಹೆಚ್ಚು, ಇಳಿಜಾರಿನಲ್ಲಿ ಅದೇ ಕೋನದ ಸುಮಾರಿಗೆ ಅತಿ ಕಡಿಮೆ ಎಂದು ಕಂಡಿತು. ಅಡ್ಡ ಮತ್ತು ನೆಟ್ಟ ಕೊಳವೆಗಳ ಸರಾಸರಿ ತೆಗೆದು ಓರೆ ಕೊಳವೆಯನ್ನು ವಿವರಿಸಲಾಗದು ಎಂಬುದು ಇದರಿಂದ ಖಚಿತವಾಯಿತು.

ಆದರೆ ವಾಲ್ವ್ ಹೇಳುವುದು ಸರಾಸರಿಯನ್ನಷ್ಟೇ. ಪ್ರತಿ ಬಾರಿ ಹರಿವನ್ನೂ ನಿಲ್ಲಿಸಬೇಕು. ಒಂದೊಂದು ಸ್ಲಗ್‌ನ ಉದ್ದ, ವೇಗ ತಿಳಿಯಲು ವಿದ್ಯುತ್ ಸಂವೇದಕಗಳು ಬೇಕಾದವು. ನೀರು ವಿದ್ಯುತ್ತನ್ನು ಒಯ್ಯುತ್ತದೆ, ಗಾಳಿ ಒಯ್ಯುವುದಿಲ್ಲ. ಇದನ್ನೇ ಆಧರಿಸಿ ಟೆಲ್ ಅವೀವ್‌ನಲ್ಲಿ ಬಾರ್ನಿಯಾ, ಶೋಹಮ್, ಟೈಟೆಲ್ 1980ರಲ್ಲಿ ಹರಿವಿನ ಬಗೆಗಳನ್ನು ಗುರುತಿಸಿದರು. ವಿದ್ಯುತ್ತನ್ನು ಒಯ್ಯದ ತೈಲಕ್ಕೆ ಈ ಉಪಾಯ ಒಗ್ಗದ್ದರಿಂದ ಕೆನಡಾದ ಗ್ರೆಗರಿ ಮತ್ತು ಸಂಗಡಿಗರು 1978ರಲ್ಲಿ, ಅಡ್ಡ ಕೊಳವೆಗಳಲ್ಲಿ, ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯವನ್ನು ಅಳೆಯುವ ಕೆಪಾಸಿಟೆನ್ಸ್ ಸಂವೇದಕ ಬಳಸಿದ್ದರು. ಗೊತ್ತಾದ ಅಂತರದಲ್ಲಿ ಇಂಥ ಎರಡು ಸಂವೇದಕಗಳನ್ನಿಟ್ಟು, ಅದೇ ಸಂಕೇತ ಎರಡನೆಯದಕ್ಕೆ ತಲುಪಲು ಹಿಡಿದ ಹೊತ್ತನ್ನು ನೋಡಿದರೆ ಸ್ಲಗ್‌ನ ವೇಗ ಸಿಗುತ್ತದೆ.

ನಾರ್ವೆಯ ಬೆಂಡಿಕ್ಸೆನ್ 1984ರಲ್ಲಿ, 30 ಡಿಗ್ರಿ ಇಳಿಜಾರಿನಿಂದ ನೆಟ್ಟ ಏರಿನವರೆಗೆ, ಹರಿಯುವ ದ್ರವದಲ್ಲಿ ಗುಳ್ಳೆಗಳ ವೇಗ ಅಳೆದರು. ಜರ್ಮನಿಯ ರೋಸೆನ್‌ಡಾರ್ಫ್‌ನಲ್ಲಿ ಪ್ರಾಸರ್ ತಂಡ 1998ರಲ್ಲಿ ಪ್ರಕಟಿಸಿದ ತಂತಿಜಾಲ ಸಂವೇದಕ ಕೊಳವೆಯ ಅಡ್ಡಸೀಳಿನ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಸೆಕೆಂಡಿಗೆ ಕೊಡಬಲ್ಲದು. ಆದರೆ ತಂತಿಗಳು ಹರಿವಿಗೇ ಅಡ್ಡ ನಿಲ್ಲುತ್ತವೆ. ಕೊಳವೆಯ ಹೊರಗಿನಿಂದಲೇ ಹಾಯಿಸುವ ಗಾಮಾ ಕಿರಣದ ಅಳತೆಗೆ ಆ ತೊಡಕಿಲ್ಲ.

ಇಂಚು ವ್ಯಾಸದ ಕೊಳವೆಯ ಫಲಿತಾಂಶ ದೊಡ್ಡ ಮಾರ್ಗಗಳಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆಗಾಗಿಯೇ ನಾರ್ವೆಯ ಸಿಂಟೆಫ್ ಸಂಸ್ಥೆ ಟಿಲ್ಲರ್‌ನಲ್ಲಿ 8 ಇಂಚಿನ ಪ್ರಯೋಗಮಾರ್ಗ ಕಟ್ಟಿತು. ಅಲ್ಲಿನ ಅಳತೆಗಳು ಇಂಥ ಹರಿವನ್ನು ಲೆಕ್ಕ ಹಾಕುವ ಓಲ್ಗಾ ಎಂಬ ಗಣಕ ಮಾದರಿಯನ್ನು ರೂಪಿಸಲು ಬಳಕೆಯಾದವು.