ಗುಟ್ಟಿನ ಕಾಯಿಲೆ, ಅರ್ಧ ತಿಳಿವಳಿಕೆ

ಜನ ಒಂದು ಕಾಯಿಲೆಯನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂಬುದು ಅವರು ಅದಕ್ಕಿಟ್ಟ ಹೆಸರಿನಲ್ಲೇ ಗೊತ್ತಾಗುತ್ತದೆ. 16ನೇ ಶತಮಾನದ ‘ಭಾವಪ್ರಕಾಶ’ ಎಂಬ ಆಯುರ್ವೇದ ಗ್ರಂಥ ಸಿಫಿಲಿಸನ್ನು ‘ಫಿರಂಗ ರೋಗ’, ಅಂದರೆ ಪರಂಗಿಯವರ ಕಾಯಿಲೆ, ಎಂದು ಕರೆಯಿತು. ಅದಕ್ಕೆ ಮದ್ದಾಗಿ ಬಂದ ಬೇರು ಇಂದಿಗೂ ಗ್ರಂದಿಗೆ ಅಂಗಡಿಗಳಲ್ಲಿ ‘ಪರಂಗಿ ಚಕ್ಕೆ’. ಮುಂದೆ ಲೈಂಗಿಕ ಸಂಪರ್ಕದಿಂದ ಹರಡುವ ಇಂಥ ಕಾಯಿಲೆಗಳೆಲ್ಲ ಗೋಡೆಬರಹಗಳಲ್ಲಿ ‘ಗುಪ್ತರೋಗ’ಗಳಾದವು. ಮೊದಲ ಹೆಸರು ಹೊರಗಿನವರನ್ನು ದೂರಿತು, ಎರಡನೆಯದು ರೋಗಿಯ ಬಾಯಿ ಕಟ್ಟಿತು. ಹೆಂಗಸರ ಬಿಳಿ ಸೆರಗಂತೂ, ಸೋಂಕಿನಿಂದ ಬಂದಾಗಲೂ, ‘ಉಷ್ಣ’ದ ಲೆಕ್ಕಕ್ಕೆ ಹೋಯಿತು.

ಬ್ರಿಟಿಷರ ಕಾಲದಲ್ಲಿ ಈ ರೋಗಗಳ ತಿಳಿವಳಿಕೆ ಇದ್ದದ್ದು ದಂಡಿನ ಕಡತಗಳಲ್ಲಿ. ಬೆಂಗಳೂರು ದಂಡುಪ್ರದೇಶದಲ್ಲಿ ಇವುಗಳಿಗೆಂದೇ ‘ಲಾಕ್ ಆಸ್ಪತ್ರೆ’ ಇತ್ತು. ಸೈನಿಕರ ಆರೋಗ್ಯ ಕಾಯುವುದಕ್ಕಾಗಿ ಹೆಂಗಸರನ್ನು ಹಿಡಿದು ತಪಾಸಣೆ ಮಾಡುವ ಪದ್ಧತಿಗೆ 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಲ ಕೊಟ್ಟಿತು. 1888ರಲ್ಲಿ ಕಾಯ್ದೆ ಹೋಯಿತು, ಅದು ಹಚ್ಚಿದ ಕಳಂಕ ಉಳಿಯಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದು ಸಿಫಿಲಿಸ್ ವಾಸಿಯಾಗುವ ಕಾಯಿಲೆಯಾದರೂ, ನಾಚಿಕೆ ದಾಟಿ ದವಾಖಾನೆಯ ಮೆಟ್ಟಿಲು ಹತ್ತುವವರು ಕಡಿಮೆಯೇ ಇದ್ದರು.

ಸಾರ್ವಜನಿಕವಾಗಿ ಮಾತು ಶುರುವಾದದ್ದು ಏಡ್ಸ್‌ನಿಂದ. 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೋಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆಹಚ್ಚಿದರು. ಆಮೇಲೆ ಬಂದ ಪ್ರಚಾರ ಬಹುಮಟ್ಟಿಗೆ ಹೆದರಿಸುವ ಪ್ರಚಾರ. ಅದರಿಂದ ರೋಗದ ಹೆಸರು ಹಳ್ಳಿಹಳ್ಳಿಗೂ ಮುಟ್ಟಿತು; ಜತೆಗೇ ಸೋಂಕಿತರನ್ನು ದೂರವಿಡುವ ಕ್ರೌರ್ಯವೂ ಮುಟ್ಟಿತು.

ಬೇರೆ ದಾರಿಯ ಪಾಠ ಆಫ್ರಿಕಾದಿಂದ ಬಂತು. ಉಗಾಂಡದಲ್ಲಿ 1987ರಲ್ಲಿ ನೊರೀನ್ ಕಲೀಬಾ ಮತ್ತು ಸಂಗಡಿಗರು ಕಟ್ಟಿದ ‘ಟಾಸೊ’ ಸಂಸ್ಥೆಯಲ್ಲಿ ಸೋಂಕಿತರೇ ಮುಂದೆ ನಿಂತು ಮಾತಾಡಿದರು. ಟಾಂಜಾನಿಯಾದ ಮ್ವಾಂಜಾದಲ್ಲಿ ಲೈಂಗಿಕ ಸೋಂಕುಗಳಿಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಸರಿಯಾದ ಚಿಕಿತ್ಸೆ ಕೊಟ್ಟಾಗ ಹೊಸ ಎಚ್‌ಐವಿ ಸೋಂಕು ಶೇ. 40ರಷ್ಟು ಇಳಿಯಿತೆಂದು 1995ರಲ್ಲಿ ವರದಿಯಾಯಿತು. ನೈರೋಬಿಯಲ್ಲಿ 1980ರಿಂದ ಸಂಶೋಧನೆ ನಡೆಸುತ್ತಿದ್ದ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯ, ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯೊಡನೆ ಸೇರಿ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಕಟ್ಟಿತು. ಲೈಂಗಿಕ ವೃತ್ತಿಯ ಮಹಿಳೆಯರೇ ತಮ್ಮವರಿಗೆ ತಿಳಿಹೇಳುವ ಕೆಲಸ ಜಿಲ್ಲೆಗಳಲ್ಲಿ ಬೇರೂರಿತು. ಮೈಸೂರಿನ ಆಶೋದಯ ಸಮಿತಿಯನ್ನು ಅವರೇ ನಡೆಸಿದರು. 2004ರ ಏಪ್ರಿಲ್‌ನಲ್ಲಿ ದೇಶದಲ್ಲಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಚಿಕಿತ್ಸೆ ಉಚಿತವಾಗಿ ಆರಂಭವಾದಾಗ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಮೊದಲ ಕೇಂದ್ರಗಳಲ್ಲಿ ಒಂದು. ಮದ್ದು ಕೈಗೆ ಸಿಕ್ಕಮೇಲೆ ಪರೀಕ್ಷೆಗೆ ಬರುವುದಕ್ಕೆ ಜನರಿಗೆ ಒಂದು ಅರ್ಥ ಕಂಡಿತು.

ಇಷ್ಟಾದರೂ ತಿಳಿವಳಿಕೆ ಅರ್ಧದಲ್ಲೇ ನಿಂತಿದೆ. 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇರುವವರು ದೇಶದ ಮಹಿಳೆಯರಲ್ಲಿ ಶೇ. 21.6, ಪುರುಷರಲ್ಲಿ ಶೇ. 30.7 ಮಾತ್ರ. ಕಾಂಡೋಮ್ ರಕ್ಷಣೆ ಕೊಡುತ್ತದೆ, ನೋಡಲು ಆರೋಗ್ಯವಾಗಿರುವವರಲ್ಲೂ ವೈರಸ್ ಇರಬಹುದು ಎಂಬಂಥ ಸರಳ ಸಂಗತಿಗಳೇ ಆ ಸಮಗ್ರ ತಿಳಿವಳಿಕೆ. ಇಷ್ಟೊಂದು ಪ್ರಚಾರ ಕಂಡ ರೋಗದ ಕಥೆಯೇ ಇದಾದರೆ ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯಾಗಳನ್ನು ಕೇಳುವವರಾರು? ಇವು ಮೂರೂ ಔಷಧದಿಂದ ವಾಸಿಯಾಗುತ್ತವೆ. ಆದರೆ ಎಷ್ಟೋ ಸಲ, ಅದರಲ್ಲೂ ಹೆಂಗಸರಲ್ಲಿ, ಲಕ್ಷಣವನ್ನೇ ತೋರದೆ ಒಳಗೊಳಗೇ ಬೆಳೆದು ಬಂಜೆತನಕ್ಕೆ, ಹುಟ್ಟುವ ಮಗುವಿನ ಸಾವಿಗೆ ಕಾರಣವಾಗಬಹುದು. ಹೆಂಡತಿ ಒಬ್ಬಳೇ ಮಾತ್ರೆ ನುಂಗಿದರೆ ಸಾಲದು. ಗಂಡನೂ ಚಿಕಿತ್ಸೆ ಪಡೆಯದಿದ್ದರೆ ಸೋಂಕು ಮತ್ತೆ ಬರುತ್ತದೆ.

ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ’ ಕ್ಲಿನಿಕ್‌ಗಳು ಇದಕ್ಕೆಂದೇ ಇವೆ. ಸ್ರಾವಕ್ಕೊಂದು, ಹುಣ್ಣಿಗೊಂದು ಎಂದು ಬೂದು, ಹಸಿರು, ಬಿಳಿ ಹೀಗೆ ಏಳು ಬಣ್ಣದ ಔಷಧ ಕಿಟ್‌ಗಳಿವೆ. ಗರ್ಭಿಣಿಯರಿಗೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಇದೆ. 1097 ಸಂಖ್ಯೆಗೆ ಕರೆ ಮಾಡಿದರೆ ಸಲಹೆ ಉಚಿತ. 2018ರಲ್ಲಿ ಜಾರಿಗೆ ಬಂದ ಕಾಯ್ದೆ ಎಚ್‌ಐವಿ ಸೋಂಕಿತರ ಗುಟ್ಟು ಕಾಯುತ್ತದೆ, ತಾರತಮ್ಯವನ್ನು ತಡೆಯುತ್ತದೆ. ಕೊರತೆ ಇರುವುದು ಮಾತಿನದು.

ಆ ಮಾತು ಶುರುವಾಗಬಲ್ಲ ಜಾಗವೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಲ್ಲಿ 2023ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವವರ, ಚಿಂತಾಮಣಿ, ಗೌರಿಬಿದನೂರಿನ ರೈತರ ಮನೆಗಳು ಅಲ್ಲಿಗೆ ದೂರವಲ್ಲ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು. ಆ ಕಾಲೇಜಿನಲ್ಲಿ ಕಲಿಯುವ ಮಕ್ಕಳು ಆಶಾ ಕಾರ್ಯಕರ್ತೆಯರ ಜತೆ ಈ ಮನೆಗಳ ಜಗಲಿಯಲ್ಲಿ ಕೂತು, ಕನ್ನಡದಲ್ಲೂ ತೆಲುಗಿನಲ್ಲೂ, ಗಂಡಸರಿಗೂ ಹೆಂಗಸರಿಗೂ, ಹೆದರಿಸದೆ ಹೇಳಲಿ: ಇದು ಸೋಂಕು, ಪಾಪವಲ್ಲ; ಮದ್ದಿದೆ, ಇಬ್ಬರೂ ಬನ್ನಿ.