ಪ್ರತಿಜೀವಕಗಳ ಸ್ಪರ್ಶ ಅಲರ್ಜಿ (ಆರೋಗ್ಯ ಸಿಬ್ಬಂದಿಯಲ್ಲಿ)

ಚುಚ್ಚುಮದ್ದು ಬೆರೆಸುವಾಗ, ಮುಲಾಮು ಹಚ್ಚುವಾಗ ಅಥವಾ ಮಾತ್ರೆ ಪುಡಿಮಾಡುವಾಗ ಪ್ರತಿಜೀವಕ ಔಷಧ ಮೈಗೆ ತಗಲಿ ದಾದಿಯರಲ್ಲಿ, ಇತರ ಆರೋಗ್ಯ ಸಿಬ್ಬಂದಿಯಲ್ಲಿ ಉಂಟಾಗುವ ಅಲರ್ಜಿ. ಇದರಲ್ಲಿ ಎರಡು ಬಗೆ. ಒಂದು ತಡವಾಗಿ ತೋರುವ ಇಸುಬು: ಔಷಧ ತಗಲಿದ ಒಂದೆರಡು ದಿನಗಳಲ್ಲಿ ಬೆರಳಸಂದು, ಮುಂಗೈ, ಕಣ್ಣರೆಪ್ಪೆಗಳು ಕೆಂಪಾಗಿ ತುರಿಸುತ್ತವೆ. ಇನ್ನೊಂದು ಐಜಿಇ ಪ್ರತಿಕಾಯದಿಂದ ಉಂಟಾಗುವಂಥದ್ದು: ನಿಮಿಷಗಳಲ್ಲಿ ಗಂಧೆ ಏಳುತ್ತದೆ, ತೀವ್ರವಾದರೆ ಉಸಿರು ಕಟ್ಟಿ ರಕ್ತದೊತ್ತಡ ಕುಸಿಯುತ್ತದೆ. ಇದೇ ಅನಫೈಲಾಕ್ಸಿಸ್.

ಇತಿಹಾಸ: 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಸ್ಪರ್ಶದಿಂದ ಬರುವ ಇಸುಬು ವರದಿಯಾಯಿತು. 1944ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಕ್ಷಯರೋಗಿಗಳಿಗೆ ಜೀವದಾನ ನೀಡಿತಾದರೂ, ಅದನ್ನು ದಿನವೂ ಬೆರೆಸುತ್ತಿದ್ದ ದಾದಿಯರ ಕೈಗಳನ್ನು ಕಾಡಿತು. 1949ರ ನಿಯೋಮೈಸಿನ್ ಮುಲಾಮುಗಳ ಮೂಲಕ ಅಲರ್ಜಿಕಾರಕಗಳ ಸಾಲಿಗೆ ಸೇರಿತು. 1990ರ ದಶಕದಲ್ಲಿ ಜಪಾನಿನ ದಾದಿಯರಲ್ಲಿ ಸೆಫೋಟಿಯಾಮ್ ಎಂಬ ಸೆಫಲೋಸ್ಪೊರಿನ್ ಔಷಧದ ಸ್ಪರ್ಶಮಾತ್ರದಿಂದ ಅನಫೈಲಾಕ್ಸಿಸ್ ಆದ ಪ್ರಕರಣಗಳು ದಾಖಲಾದವು.

ಕರ್ನಾಟಕದಲ್ಲಿ: ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960–61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಕ್ಷಯದ ಸಮೀಕ್ಷೆ ನಡೆಸಿತು. ಅದರ ಬೆನ್ನಲ್ಲೇ ಬಂದ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ರೋಗಿಗೆ ಊರಿನ ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗಬೇಕೆಂದಿತು. ಹೀಗೆ ಸ್ಟ್ರೆಪ್ಟೊಮೈಸಿನ್ ಬೆರೆಸುವ ಕೆಲಸ ಸ್ಯಾನಟೋರಿಯಂ ದಾಟಿ ತಾಲ್ಲೂಕು ಆಸ್ಪತ್ರೆಗಳಿಗೆ ಬಂತು. ಸ್ಟ್ರೆಪ್ಟೊಮೈಸಿನ್ ಒಳಗೊಂಡ ಮರುಚಿಕಿತ್ಸಾ ಕ್ರಮವನ್ನು ಕೈಬಿಡುವಂತೆ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಸೂಚಿಸಿತು.

ಕಾರಣ: ಪುಡಿಯಿರುವ ಸೀಸೆಗೆ ನೀರು ಚುಚ್ಚಿದಾಗ ಒಳಗಿನ ಒತ್ತಡ ಏರುತ್ತದೆ, ಸೂಜಿ ಹೊರತೆಗೆಯುವಾಗ ಔಷಧ ತುಂತುರಾಗಿ ಚಿಮ್ಮುತ್ತದೆ. ಸಿರಿಂಜಿನ ಗಾಳಿಗುಳ್ಳೆ ಹೊರಹಾಕುವಾಗಲೂ ಹೀಗೆಯೇ. ಪದೇಪದೇ ತೊಳೆದು ಬಿರಿದ ಕೈಯೊಳಕ್ಕೆ ಔಷಧ ಸುಲಭವಾಗಿ ಇಳಿಯುತ್ತದೆ. ಪೆನಿಸಿಲಿನ್‌ನ ಬೀಟಾ-ಲ್ಯಾಕ್ಟಮ್ ಉಂಗುರವು ದೇಹದ ಪ್ರೋಟೀನಿಗೆ ಅಂಟಿಕೊಂಡಾಗ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸುತ್ತದೆ.

ಪತ್ತೆ ಮತ್ತು ಚಿಕಿತ್ಸೆ: ತಡವಾದ ಬಗೆಗೆ ಬೆನ್ನಿನ ಮೇಲೆ ಔಷಧದ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆ, ತಕ್ಷಣದ ಬಗೆಗೆ, ತುರ್ತು ಸಿದ್ಧತೆಯಿರುವ ಆಸ್ಪತ್ರೆಯಲ್ಲಿ ಪ್ರಿಕ್ ಪರೀಕ್ಷೆ. ಅನಫೈಲಾಕ್ಸಿಸ್ ಆದರೆ ಮೊದಲ ಔಷಧ ಅಡ್ರಿನಲಿನ್: ವಯಸ್ಕರಿಗೆ 0.5 ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ.

ತಡೆ: ಕೈಗವಸು ಧರಿಸುವುದು, ಸೀಸೆಯ ಒತ್ತಡ ಸರಿದೂಗಿಸಿದ ಮೇಲೆಯೇ ಸೂಜಿ ಹೊರತೆಗೆಯುವುದು, ಗಾಳಿಯನ್ನು ಸೀಸೆಯೊಳಕ್ಕೇ ಬಿಡುವುದು, ಚೆಲ್ಲಿದ್ದನ್ನು ಕೂಡಲೇ ತೊಳೆಯುವುದು. ಅಲರ್ಜಿ ಖಚಿತವಾದವರಿಗೆ ಆ ಔಷಧ ಬೆರೆಸುವ ಕೆಲಸ ಕೊಡಬಾರದು. ಅವರೇ ರೋಗಿಯಾಗಿ ದಾಖಲಾದಾಗ ಅದೇ ಔಷಧವೂ ಅದರ ಹತ್ತಿರದ ಔಷಧಗಳೂ ಅಪಾಯ ತರಬಲ್ಲವು. ಆದ್ದರಿಂದ ಅವರ ಆರೋಗ್ಯ ದಾಖಲೆಯಲ್ಲಿ ಅಲರ್ಜಿಯನ್ನು ಬರೆದಿಡುವುದು ಕಡ್ಡಾಯ.