ಡರ್ಬನ್ನಿನ ಗ್ರೇ ಸ್ಟ್ರೀಟ್: ಮಸೀದಿ, ಅಂಗಡಿ ಮತ್ತು ಶಾಲೆ



ಭೂಪಟವನ್ನು ಬಿಡಿಸಿ ನಮ್ಮ ಕರಾವಳಿಯಿಂದ ನೈರುತ್ಯ ದಿಕ್ಕಿಗೆ ಬೆರಳನ್ನು ಸರಿಸುತ್ತಾ ಹೋಗಿ. ಅರಬೀ ಸಮುದ್ರವನ್ನೂ ಭೂಮಧ್ಯರೇಖೆಯನ್ನೂ ದಾಟಿ, ಮಡಗಾಸ್ಕರ್ ದ್ವೀಪವನ್ನು ಹಿಂದೆ ಹಾಕಿದರೆ ದಕ್ಷಿಣ ಆಫ್ರಿಕಾದ ಪೂರ್ವ ತೀರದಲ್ಲಿ ಡರ್ಬನ್ ನಗರ ಸಿಗುತ್ತದೆ. ಅದು ಉಪೋಷ್ಣವಲಯದ ಬಂದರು ನಗರ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಸೆಕೆ ಮತ್ತು ಮಳೆ. ನಮ್ಮಲ್ಲಿ ಮುಂಗಾರು ಸುರಿಯುವ ಜೂನ್, ಜುಲೈಯಲ್ಲಿ ಅಲ್ಲಿ ಹಿತವಾದ ಚಳಿ. ಕಬ್ಬು, ಬಾಳೆ, ಮಾವು ಎಲ್ಲವೂ ಬೆಳೆಯುತ್ತವೆ. ಭಾರತೀಯರು ಸಮುದ್ರ ದಾಟಿ ಆ ಊರು ಸೇರುವುದಕ್ಕೆ ಮೂಲ ಕಾರಣವೂ ಆ ಕಬ್ಬೇ.

ಪ್ರವಾಸಿಗರ ಕೈಪಿಡಿಗಳು ತೋರಿಸುವ ಡರ್ಬನ್ ಬೇರೆ. ಬೆಲ್‌ಫಾಸ್ಟ್ ನಗರಭವನದ ಮಾದರಿಯಲ್ಲಿ 1910ರಲ್ಲಿ ಪೂರ್ಣಗೊಂಡ ಸಿಟಿ ಹಾಲ್, 1849ರಷ್ಟು ಹಳೆಯ ಸಸ್ಯೋದ್ಯಾನ, 2010ರ ವಿಶ್ವಕಪ್ ಫುಟ್ಬಾಲಿಗಾಗಿ ಕಟ್ಟಿದ ಮೋಸೆಸ್ ಮಭಿಡಾ ಕ್ರೀಡಾಂಗಣದ ದೊಡ್ಡ ಕಮಾನು, ಉದ್ದನೆಯ ಕಡಲ ಕಿನಾರೆ. ಎಲ್ಲವೂ ನೋಡತಕ್ಕವೇ. ಆದರೆ ಈ ಲೇಖನದಲ್ಲಿ ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಗ್ರೇ ಸ್ಟ್ರೀಟ್ ಎಂಬ ಒಂದು ಬೀದಿಗೆ ಮತ್ತು ಅದರ ಆಸುಪಾಸಿಗೆ. ಅಲ್ಲಿನ ಪ್ರಮುಖ ಕಟ್ಟಡಗಳಲ್ಲಿ ಹೆಚ್ಚಿನವುಗಳನ್ನು ಸರಕಾರ ಕಟ್ಟಿಸಿದ್ದಲ್ಲ. ಕೂಲಿಗಳಾಗಿ ಬಂದವರು, ಸಣ್ಣ ವ್ಯಾಪಾರಕ್ಕೆಂದು ಬಂದವರು ತಮ್ಮ ಗಳಿಕೆಯಿಂದ ಕಟ್ಟಿಸಿದ್ದು.

1860ರ ನವೆಂಬರ್ 16ರಂದು ಮದ್ರಾಸಿನಿಂದ ಹೊರಟ ‘ಟ್ರೂರೋ’ ಎಂಬ ಹಡಗು ಡರ್ಬನ್ ಬಂದರಿಗೆ ಬಂತು. ಅದರಲ್ಲಿದ್ದವರು ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿದ ಕೂಲಿಕಾರರು. ‘ಅಗ್ರಿಮೆಂಟ್’ ಎಂಬ ಪದ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. (ನಮ್ಮ ಹುಬ್ಬಳ್ಳಿ-ಧಾರವಾಡದ ಮಂಡಕ್ಕಿ ಗಿರ್ಮಿಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಇದು ಬಾಯಿಗೆ ರುಚಿಸುವಂಥದ್ದಾಗಿರಲಿಲ್ಲ.) ಮೊದಲ ವರ್ಷ ತಿಂಗಳಿಗೆ ಹತ್ತು ಶಿಲಿಂಗ್ ಸಂಬಳ, ಆ ಮೇಲೆ ವರ್ಷಕ್ಕೊಂದು ಶಿಲಿಂಗ್ ಏರಿಕೆ. 1911ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ನೇಟಾಲ್ ಪ್ರಾಂತಕ್ಕೆ ಹೀಗೆ ಬಂದವರ ಸಂಖ್ಯೆ 1,52,000 ದಾಟಿತ್ತು. ಕರಾರು ಮುಗಿಸಿ ಅಲ್ಲೇ ನೆಲೆಸಬೇಕೆನ್ನುವವರ ಮೇಲೆ 1895ರ ಕಾನೂನು ವರ್ಷಕ್ಕೆ ಮೂರು ಪೌಂಡ್ ತಲೆಗಂದಾಯ ಹೇರಿತು. ಐದನೇ ವರ್ಷದ ಕೂಲಿಗೂ ನಾಲ್ಕು ತಿಂಗಳಿಗಿಂತ ಹೆಚ್ಚು ದುಡಿದರಷ್ಟೇ ಈ ಮೊತ್ತ ಕೈಗೆ ಬರುತ್ತಿತ್ತು. 1913ರ ದೊಡ್ಡ ಮುಷ್ಕರದ ನಂತರ, 1914ರಲ್ಲಿ ಅದು ರದ್ದಾಯಿತು.

ಈ ಕೂಲಿಕಾರರಲ್ಲಿ ಒಬ್ಬರ ಹೆಸರು ಇಂದಿಗೂ ಡರ್ಬನ್ನಿನಲ್ಲಿ ಉಳಿದಿದೆ. ಬ್ರೂಕ್ ಸ್ಟ್ರೀಟಿನ ಕಬರಸ್ಥಾನದಲ್ಲಿರುವ ಶೇಖ್ ಅಹ್ಮದ್ ಬಾದ್‌ಶಾ ಪೀರ್ ಅವರ ದರ್ಗಾ ಅದು. ಅವರೂ ಟ್ರೂರೋ ಹಡಗಿನಲ್ಲೇ ಬಂದು ಕಬ್ಬಿನ ತೋಟದಲ್ಲಿ ದುಡಿದವರೆಂದು ಜನ ಹೇಳುತ್ತಾರೆ. 1894ರಲ್ಲಿ ಅವರು ತೀರಿಕೊಂಡರು. ಮರುವರ್ಷ ಡರ್ಬನ್ನಿಗೆ ಬಂದ ಸೂಫಿ ಸಾಹೇಬರು ಅವರ ಸಮಾಧಿಯನ್ನು ಗುರುತಿಸಿ ದರ್ಗಾ ಕಟ್ಟಿಸಿದರೆಂಬುದು ಪ್ರತೀತಿ. ಸೂಫಿ ಸಾಹೇಬರು ಕೊಂಕಣ ಕರಾವಳಿಯವರು, ಹೈದರಾಬಾದಿನ ಹಬೀಬ್ ಅಲಿ ಶಾಹರ ಮುರೀದರು. ಉಮ್ಗೆನಿ ನದಿಯ ದಂಡೆಯ ರಿವರ್‌ಸೈಡ್ ಎಂಬಲ್ಲಿ ಅವರು ಮಸೀದಿ, ಮದ್ರಸಗಳನ್ನು ಸ್ಥಾಪಿಸಿದರು. 1911ರಲ್ಲಿ ಅಲ್ಲೇ ದಫನಾದರು. ಜನಾಂಗಕ್ಕೊಂದು ಬಡಾವಣೆ ಎಂಬ 1950ರ ‘ಗ್ರೂಪ್ ಏರಿಯಾಸ್’ ಕಾನೂನು ಆ ಪ್ರದೇಶದ ಭಾರತೀಯ ಕುಟುಂಬಗಳನ್ನು ಎಬ್ಬಿಸಿ ಕಳುಹಿಸಿತು. ಮನೆಗಳು ಹೋದವು, ಮಸೀದಿ ಉಳಿಯಿತು.

ಕೂಲಿಕಾರರ ಬೆನ್ನಿಗೆ ಸ್ವಂತ ಖರ್ಚಿನಲ್ಲಿ ಟಿಕೆಟ್ ತೆಗೆದು ಬಂದ ಗುಜರಾತಿನ ವ್ಯಾಪಾರಿಗಳನ್ನು ಅಲ್ಲಿ ‘ಪ್ಯಾಸೆಂಜರ್ ಇಂಡಿಯನ್ಸ್’ ಎನ್ನುತ್ತಿದ್ದರು. ಪೋರಬಂದರಿನ ಮೇಮನ್ ವ್ಯಾಪಾರಿ ಅಬೂಬಕರ್ ಆಮದ್ ಝವೇರಿ ಅವರಲ್ಲಿ ಮೊದಲಿಗರು. ಅವರೂ ಹಾಜಿ ಮುಹಮ್ಮದ್ ದಾದಾ ಅವರೂ ಸೇರಿ 1881ರಲ್ಲಿ ಗ್ರೇ ಸ್ಟ್ರೀಟಿನಲ್ಲಿ ಜಾಗ ಖರೀದಿಸಿ ಸಣ್ಣದೊಂದು ಮಸೀದಿ ಕಟ್ಟಿಸಿದರು. ಅದೇ ಬೆಳೆದು, ಮಿನಾರಗಳನ್ನು ಪಡೆದು, 1930ರ ಹೊತ್ತಿಗೆ ಇಂದು ಕಾಣುವ ಜುಮಾ ಮಸೀದಿಯಾಯಿತು. ‘ದಕ್ಷಿಣ ಗೋಳಾರ್ಧದ ಅತಿ ದೊಡ್ಡ ಮಸೀದಿ’ ಎಂದು ಅದನ್ನು ಬಹುಕಾಲ ಹೊಗಳುತ್ತಿದ್ದರು; ಈಗಲೂ ಕೆಲವು ಪುಸ್ತಕಗಳಲ್ಲಿ ಆ ಮಾತು ಕಾಣಸಿಗುತ್ತದೆ. ಜಕಾರ್ತ ನಗರವೂ ಭೂಮಧ್ಯರೇಖೆಯ ದಕ್ಷಿಣಕ್ಕೇ ಇರುವುದರಿಂದ, 1978ರಲ್ಲಿ ಅಲ್ಲಿ ಇಸ್ತಿಕ್‌ಲಾಲ್ ಮಸೀದಿ ತೆರೆದ ಮೇಲೆ ಆ ಮಾತಿಗೆ ಅರ್ಥವಿಲ್ಲ. ಮೇಲಾಗಿ ಈ ಮಸೀದಿಯ ಹಿರಿಮೆ ಅದರ ಅಳತೆಯಲ್ಲಿಲ್ಲ.

ಬೀದಿಯಲ್ಲಿ ನಿಂತು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಮಸೀದಿಯಲ್ಲ, ಅಂಗಡಿಗಳ ಸಾಲು. ಬಟ್ಟೆಯವರು, ಅಕ್ಕಸಾಲಿಗರು, ಮಸಾಲೆಯವರು ಕೆಳಗೆ. ಗುಮ್ಮಟ, ಮಿನಾರ ಮೇಲೆ. ಇದು ಜಾಗದ ಅಭಾವದಿಂದ ಆದದ್ದಲ್ಲ. ಅಂಗಡಿಗಳ ಬಾಡಿಗೆಯಿಂದಲೇ ಮಸೀದಿ ನಡೆಯಬೇಕು, ಜಮಾಅತ್ ಯಾರ ಮುಂದೆಯೂ ಕೈಚಾಚಬಾರದು ಎಂಬುದು ಹಿರಿಯರ ಲೆಕ್ಕಾಚಾರ. ನಮ್ಮ ವಕ್ಫ್ ವ್ಯವಸ್ಥೆಯ ತಿರುಳೂ ಇದೇ ತಾನೆ? 1927ರಲ್ಲಿ ಮಸೀದಿಯ ಪಕ್ಕ ‘ಮದ್ರಸಾ ಆರ್ಕೇಡ್’ ಎಂಬ ಅಂಗಡಿಗಳ ಓಣಿಯೊಂದು ತಲೆಯೆತ್ತಿತು. ಒಂದು ತುದಿಯಲ್ಲಿ ಗ್ರೇ ಸ್ಟ್ರೀಟ್, ಇನ್ನೊಂದು ತುದಿಯಲ್ಲಿ ಕೆಥೀಡ್ರಲ್ ರೋಡ್. ಮಸೀದಿಯ ಮಗ್ಗುಲಿನಿಂದ ಹೊಕ್ಕು ಜುಲು ಜನರ ಮಣಿಸರ, ಸೀರೆ, ತಗಡಿನ ಪೆಟ್ಟಿಗೆಗಳನ್ನು ನೋಡುತ್ತಾ ಹೊರಬಂದರೆ ಎದುರಿಗೆ 1904ರ ಇಮ್ಯಾನುಯೆಲ್ ಕೆಥೀಡ್ರಲ್. ಬಾಂಗಿನ ಕರೆಯೂ ಇಗರ್ಜಿಯ ಗಂಟೆಯೂ ಒಂದೇ ಓಣಿಯಲ್ಲಿ ಕೇಳಿಸುವ ಊರುಗಳು ಎಷ್ಟಿವೆ ಹೇಳಿ?

ಗಾಂಧೀಜಿಯ ವಿಷಯ ನಿಮಗೆ ತಿಳಿದದ್ದೇ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. 1893ರಲ್ಲಿ ಅವರನ್ನು ಡರ್ಬನ್ನಿಗೆ ಕರೆಸಿಕೊಂಡದ್ದು ದಾದಾ ಅಬ್ದುಲ್ಲಾ ಎಂಬ ಮೇಮನ್ ವರ್ತಕರ ಸಂಸ್ಥೆ. 1894ರಲ್ಲಿ ಹುಟ್ಟಿದ ನೇಟಾಲ್ ಇಂಡಿಯನ್ ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರು ಅದೇ ಸಂಸ್ಥೆಯ ಅಬ್ದುಲ್ಲಾ ಹಾಜಿ ಆದಮ್. 1903ರಲ್ಲಿ ‘ಇಂಡಿಯನ್ ಒಪಿನಿಯನ್’ ಪತ್ರಿಕೆ ಮೊದಲು ಅಚ್ಚಾದದ್ದು ಗ್ರೇ ಸ್ಟ್ರೀಟಿನ ಮುದ್ರಣಾಲಯದಲ್ಲಿ. ಮರುವರ್ಷ ಅದು ಊರಾಚೆಯ ಫೀನಿಕ್ಸ್ ಆಶ್ರಮಕ್ಕೆ ಹೋಯಿತು.

ಮಾರುಕಟ್ಟೆಗಳನ್ನೂ ಮರೆಯುವಂತಿಲ್ಲ. ಮಸೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ವಿಕ್ಟೋರಿಯಾ ಸ್ಟ್ರೀಟ್ ಮಾರ್ಕೆಟ್. 1910ರ ಆ ಮಾರುಕಟ್ಟೆ 1973ರಲ್ಲಿ ಬೆಂಕಿಗೆ ಆಹುತಿಯಾಗಿ, ಹೊಸ ಕಟ್ಟಡ 1990ರಲ್ಲಿ ತೆರೆಯಿತು. ಅದೇ ಬೀದಿಯಲ್ಲಿ 1949ರ ಜನವರಿ 13ರಂದು ಹೊತ್ತಿಕೊಂಡ ಭಾರತೀಯ-ಆಫ್ರಿಕನ್ ಗಲಭೆಯಲ್ಲಿ 142 ಮಂದಿ ಸತ್ತರು. ಎರಡೂ ಕಡೆಯವರನ್ನು ತುಳಿದ ಆಡಳಿತ ಒಂದೇ ಆಗಿದ್ದರೂ, ಅಂಗಡಿಯೊಳಗೆ ಕುಳಿತವನಿಗೂ ಹೊರಗೆ ನಿಂತವನಿಗೂ ನಡುವಿನ ಅಂತರ ಸುಳ್ಳಾಗಿರಲಿಲ್ಲ. ನಮ್ಮವರ ಶ್ರಮದ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ. ಅದಕ್ಕೆ ಎದುರಾಗಿ ಇನ್ನೊಂದು ಚಿತ್ರವೂ ಇದೆ: 1934ರ ‘ಅರ್ಲಿ ಮಾರ್ನಿಂಗ್ ಮಾರ್ಕೆಟ್’ ಎಂಬ ತರಕಾರಿ ಮಾರುಕಟ್ಟೆಯನ್ನು ಕೆಡವಿ ಮಾಲ್ ಕಟ್ಟಲು ನಗರಸಭೆ 2009ರಲ್ಲಿ ಹೊರಟಾಗ, ಭಾರತೀಯ ವ್ಯಾಪಾರಿಗಳೂ ಆಫ್ರಿಕನ್ ಬೀದಿ ವ್ಯಾಪಾರಿಗಳೂ ಜೊತೆಯಾಗಿ ಹೋರಾಡಿ ಅದನ್ನು ಉಳಿಸಿಕೊಂಡರು.

ಇನ್ನು ಶಾಲೆಗಳ ವಿಚಾರ. ಈ ಪುಟಗಳ ಓದುಗರಿಗೆ ಇದೇ ಮುಖ್ಯ. ಭಾರತೀಯ ಮಕ್ಕಳ ಪ್ರೌಢಶಿಕ್ಷಣಕ್ಕೆ ಸರಕಾರ ಹೆಚ್ಚೇನೂ ಮಾಡದಿದ್ದ ಕಾಲದಲ್ಲಿ, ಭಾರತ ಸರಕಾರದ ಮೊದಲ ಏಜೆಂಟರಾಗಿ ಬಂದ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಸಮುದಾಯದಿಂದ ಚಂದಾ ಎತ್ತಿ ಒಂದು ಪ್ರೌಢಶಾಲೆಗೆ ಅಡಿಪಾಯ ಹಾಕಿದರು. 1929ರಲ್ಲಿ ಉದ್ಘಾಟನೆಯಾದ ಆ ಶಾಲೆಯೇ ಶಾಸ್ತ್ರಿ ಕಾಲೇಜು. ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳು ಅಲ್ಲಿ ಒಂದೇ ಬೆಂಚಿನಲ್ಲಿ ಕುಳಿತರು. ಶಾಸ್ತ್ರಿಗಳ ನಂತರ ಆ ಹುದ್ದೆಗೆ ಬಂದವರಲ್ಲಿ ನಮ್ಮ ಮಂಗಳೂರು ಮೂಲದ ಬೆನಗಲ್ ರಾಮರಾವ್ ಒಬ್ಬರು (1938-41). ಮುಂದೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆದವರು ಅವರೇ.

ಶಾಸ್ತ್ರಿ ಕಾಲೇಜಿನ ಆಸುಪಾಸಿನಲ್ಲೇ, ಕರೀಸ್ ಫೌಂಟನ್ ಮೈದಾನದ ಬಳಿ, ಇನ್ನೊಂದು ದೊಡ್ಡ ಸಂಸ್ಥೆ ಇದೆ. ಅದರ ಹಿಂದಿರುವ ವ್ಯಕ್ತಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಾಜಿ ಎಂ.ಎಲ್. ಸುಲ್ತಾನ್ ಕೇರಳದ ಕೊಲ್ಲಂ ಕಡೆಯವರು. 1890ರಲ್ಲಿ ಗಿರ್ಮಿಟ್ ಕೂಲಿಯಾಗಿ ಡರ್ಬನ್ನಿಗೆ ಬಂದು ರೈಲ್ವೆಯಲ್ಲಿ ಮೂಟೆ ಹೊತ್ತರು. ಕರಾರು ಮುಗಿದ ಮೇಲೆ ಜೋಹಾನ್ಸ್‌ಬರ್ಗಿಗೆ ಹೋಗಿ ಹೋಟೆಲಿನಲ್ಲಿ ದುಡಿದರು. ಮರಳಿ ಬಂದು ಬಾಳೆ ತೋಟ ಮಾಡಿದರು, ಭೂಮಿ ಕೊಂಡರು, ಶ್ರೀಮಂತರಾದರು. ಆ ದಿನಗಳಲ್ಲಿ ಭಾರತೀಯ ಯುವಕರಿಗೆ ತಾಂತ್ರಿಕ ಶಿಕ್ಷಣವೆಂದರೆ ಕೆಲಸ ಮುಗಿಸಿ ಬಂದ ಮೇಲೆ ಎರವಲು ಕೋಣೆಗಳಲ್ಲಿ ನಡೆಯುತ್ತಿದ್ದ ರಾತ್ರಿ ತರಗತಿಗಳು ಮಾತ್ರ. ಬಿಳಿಯರ ತಾಂತ್ರಿಕ ಕಾಲೇಜಿನ ಬಾಗಿಲು ಅವರಿಗೆ ಮುಚ್ಚಿತ್ತು. 1940ರ ದಶಕದ ಆರಂಭದಲ್ಲಿ ಸುಲ್ತಾನರು ಕೊಟ್ಟ ದೊಡ್ಡ ದೇಣಿಗೆ ಈ ಪರಿಸ್ಥಿತಿಯನ್ನು ಬದಲಿಸಿತು. 1946ರಲ್ಲಿ ಎಂ.ಎಲ್. ಸುಲ್ತಾನ್ ತಾಂತ್ರಿಕ ಕಾಲೇಜು ಆರಂಭವಾಯಿತು. ಆದರೆ ಸ್ವಂತ ಕಟ್ಟಡ ಉದ್ಘಾಟನೆಯಾದದ್ದು 1956ರಲ್ಲಿ. ಸುಲ್ತಾನರು 1953ರಲ್ಲೇ ತೀರಿಕೊಂಡಿದ್ದರು. ಮೂಟೆ ಹೊತ್ತವರು ಕಟ್ಟಿಸಿದ ಆ ಕಟ್ಟಡವನ್ನು ಅವರೇ ನೋಡಲಿಲ್ಲ. 2002ರಲ್ಲಿ ಆ ಸಂಸ್ಥೆಯೂ ಹಿಂದೆ ಬಿಳಿಯರದ್ದಾಗಿದ್ದ ನೇಟಾಲ್ ಟೆಕ್ನಿಕಾನ್ ಸಂಸ್ಥೆಯೂ ವಿಲೀನಗೊಂಡವು. ಅದೇ ಇಂದಿನ ಡರ್ಬನ್ ತಾಂತ್ರಿಕ ವಿಶ್ವವಿದ್ಯಾನಿಲಯ.

ಡರ್ಬನ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಮರ್ಹೂಂ ಶೇಖ್ ಅಹ್ಮದ್ ದೀದಾತ್. 1918ರಲ್ಲಿ ಸೂರತ್ ಕಡೆ ಹುಟ್ಟಿ, ಬಾಲಕನಾಗಿದ್ದಾಗ ತಂದೆಯ ಬಳಿಗೆ ಡರ್ಬನ್ನಿಗೆ ಹೋದ ಅವರು ಅಂಗಡಿಗಳಲ್ಲಿ ದುಡಿಯುತ್ತಲೇ ಓದಿಕೊಂಡವರು. 1957ರಲ್ಲಿ ಅವರು ಗೆಳೆಯರೊಂದಿಗೆ ಹುಟ್ಟುಹಾಕಿದ ಪ್ರಚಾರ ಕೇಂದ್ರವೂ ಈ ಪೇಟೆಯದ್ದೇ. 1986ರಲ್ಲಿ ಕಿಂಗ್ ಫೈಸಲ್ ಪ್ರಶಸ್ತಿ ಪಡೆದ ಅವರು 2005ರಲ್ಲಿ ನಿಧನರಾದರು.

ಇಂದು ನೀವು ಅಲ್ಲಿಗೆ ಹೋದರೆ ಗ್ರೇ ಸ್ಟ್ರೀಟ್ ಎಂಬ ಫಲಕ ಕಾಣುವುದಿಲ್ಲ. 2008ರಲ್ಲಿ ಅದು ಡಾ. ಯೂಸುಫ್ ದಾದೂ ಸ್ಟ್ರೀಟ್ ಆಯಿತು. ಮಸೀದಿಯ ಮೂಲೆಯಲ್ಲಿ ಅದನ್ನು ಅಡ್ಡಹಾಯುವ ಕ್ವೀನ್ ಸ್ಟ್ರೀಟಿಗೆ, ವರ್ಣಭೇದದ ವಿರುದ್ಧ ದನಿಯೆತ್ತಿದ ಕ್ಯಾಥೊಲಿಕ್ ಆರ್ಚ್‌ಬಿಷಪ್ ಡೆನಿಸ್ ಹರ್ಲಿಯವರ ಹೆಸರು ಬಂತು. ದಾದೂ ಅವರು ಮುಸ್ಲಿಂ ಮನೆಯಲ್ಲಿ ಹುಟ್ಟಿದ ಕಮ್ಯುನಿಸ್ಟ್ ನಾಯಕ. ಗಡಿಪಾರಿನಲ್ಲೇ 1983ರಲ್ಲಿ ಲಂಡನ್ನಿನಲ್ಲಿ ಸತ್ತವರು. ಹಳೆಯ ಅಂಗಡಿಯವರ ಬಾಯಲ್ಲಿ ಮಾತ್ರ ಅದು ಇನ್ನೂ ಗ್ರೇ ಸ್ಟ್ರೀಟೇ.

ಇದೇ ಮಸೀದಿಯ ಟ್ರಸ್ಟಿಗೆ ಸಂಬಂಧಿಸಿದ ಒಂದು ಮೊಕದ್ದಮೆ ನಮ್ಮಂಥ ವಿದ್ಯಾಸಂಸ್ಥೆಗಳವರು ಓದಲೇಬೇಕಾದದ್ದು. ಟ್ರಸ್ಟಿನ ಜಮೀನಿನಲ್ಲಿ ಜುಮಾ ಮಸ್ಜಿದ್ ಪ್ರಾಥಮಿಕ ಶಾಲೆ ನಡೆಯುತ್ತಿತ್ತು. ಜಾಗ ಟ್ರಸ್ಟಿನದು, ಶಾಲೆ ಸರಕಾರಿ, ಮಕ್ಕಳು ಹೆಚ್ಚಿನವರು ಬಡ ಮನೆಗಳವರು. ಖಾಸಗಿ ಜಾಗದಲ್ಲಿ ಸರಕಾರಿ ಶಾಲೆ ನಡೆಯಬೇಕಾದರೆ ಇಲಾಖೆಯೂ ಮಾಲೀಕರೂ ಕರಾರು ಮಾಡಿಕೊಳ್ಳಬೇಕೆಂದು ಅಲ್ಲಿನ ಕಾನೂನು. ವರ್ಷಗಟ್ಟಲೆ ಕೇಳಿದರೂ ಕರಾರು ಆಗಲಿಲ್ಲ, ಬಾಕಿಯೂ ಬರಲಿಲ್ಲ. ಟ್ರಸ್ಟ್ ಹೈಕೋರ್ಟಿಗೆ ಹೋಗಿ ಶಾಲೆಯನ್ನು ತೆರವುಗೊಳಿಸುವ ಆದೇಶ ತಂದಿತು. ಶಾಲೆಯ ಆಡಳಿತ ಮಂಡಳಿ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿತು.

2011ರ ಏಪ್ರಿಲ್ 11ರಂದು ನ್ಯಾಯಮೂರ್ತಿ ಬೆಸ್ ಎನ್ಕಬಿಂಡೆ ಬರೆದ ತೀರ್ಪು ಹೊರಬಿತ್ತು. ಮೂಲಶಿಕ್ಷಣದ ಹಕ್ಕು ‘ಹಣವಿದ್ದಾಗ ನೋಡೋಣ’ ಎನ್ನುವ ಜಾತಿಯ ಹಕ್ಕಲ್ಲ, ಮಗು ಅದನ್ನು ಈಗಲೇ ಕೇಳಬಹುದು ಎಂದಿತು ನ್ಯಾಯಾಲಯ. ಶಿಕ್ಷಣ ಕೊಡುವ ಹೊಣೆ ಸರಕಾರದ್ದೇ, ಟ್ರಸ್ಟಿನದಲ್ಲ. ಆದರೆ ಇರುವ ಶಿಕ್ಷಣಕ್ಕೆ ಅಡ್ಡಿಯಾಗಬಾರದೆಂಬ ಹೊಣೆ ಜಾಗದ ಮಾಲೀಕನಿಗೂ ಇದೆ. ಟ್ರಸ್ಟ್ ತಾಳ್ಮೆಯಿಂದ ನಡೆದುಕೊಂಡಿದೆ, ಆದರೆ ಮಕ್ಕಳು ಎಲ್ಲಿಗೆ ಹೋಗಬೇಕೆಂದು ಹೈಕೋರ್ಟ್ ಯೋಚಿಸಲಿಲ್ಲ ಎಂದು ಹೇಳಿ ಹಳೆಯ ಆದೇಶವನ್ನು ಬದಿಗಿಟ್ಟಿತು. ಅಷ್ಟಾದರೂ ಸರಕಾರ ಮತ್ತು ಟ್ರಸ್ಟ್ ನಡುವೆ ಒಪ್ಪಂದ ಕುದುರಲಿಲ್ಲ. ಮಕ್ಕಳಿಗೆ ಬೇರೆ ಶಾಲೆಗಳಲ್ಲಿ ಜಾಗ ಗೊತ್ತುಪಡಿಸಿದ ಮೇಲೆ ತೆರವಿಗೆ ನ್ಯಾಯಾಲಯವೇ ಅನುಮತಿ ಕೊಟ್ಟಿತು.

ಈ ಪ್ರಕರಣದಲ್ಲಿ ಕಾಗದಪತ್ರದ ಮಟ್ಟಿಗೆ ತಪ್ಪು ಇಲಾಖೆಯದ್ದೇ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಬಾಡಿಗೆಯ ಅಂಗಡಿಯಿಂದ ಮಸೀದಿ ನಡೆಸಿದ ಜಾಣತನ, ಮೂಟೆಯ ಹಣದಿಂದ ಕಾಲೇಜು ಕಟ್ಟಿಸಿದ ಔದಾರ್ಯ ಮೆರೆದ ಅದೇ ಪೇಟೆಯಲ್ಲಿ, ಬಡ ಮಕ್ಕಳ ಶಾಲೆಯೊಂದು ಬಾಕಿ ಹಣದ ಜಗಳದಲ್ಲಿ ಬಾಗಿಲು ಮುಚ್ಚಿತು. ದಕ್ಷಿಣ ಆಫ್ರಿಕಾದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಶಿಕ್ಷಣದ ಹಕ್ಕಿನ ಪಾಠವನ್ನು ಜುಮಾ ಮಸ್ಜಿದ್ ಪ್ರಕರಣದಿಂದಲೇ ಓದುತ್ತಾರೆ.